ಮಗು ಎಂದರೆ ಮಗು ಮತ್ತು ಅದರ ಸೋದರತ್ತೆ

ಮೊತುಲಾಹಿ ದ್ವೀಪದಲ್ಲಿ ಹನ್ನೊಂದು ವರ್ಷದ ಮಗುವಿನ ಮಧ್ಯಾಹ್ನದ ಹಸಿವು ನಾಲ್ಕು ಕಿಲೋ ನೂರ ಅರವತ್ತು ಗ್ರಾಂ. ಇದು ಟೋಂಗಾದ ರಾಜಪತ್ರದಲ್ಲಿ ಪ್ರಕಟವಾಗಿದೆ. ಪ್ರಕಟವಾಗುವ ಮೊದಲು ಆಕ್ಷೇಪಣೆ ಸಲ್ಲಿಸಲು ಹದಿನಾಲ್ಕು ದಿನ ಕಾಲಾವಕಾಶ ಕೊಡಲಾಗಿತ್ತು. ಒಂದೇ ಆಕ್ಷೇಪಣೆ ಬಂತು. ಅದು ಹನ್ನೊಂದು ವರ್ಷದ ಮಗುವಿನಿಂದ ಬಂದದ್ದರಿಂದ, ವಿಷಯಕ್ಕೆ ಸಂಬಂಧಪಟ್ಟವರೇ ಆಕ್ಷೇಪಿಸುವುದು ಸರಿಯಲ್ಲವೆಂದು ತಿರಸ್ಕರಿಸಲಾಯಿತು.

ಆ ಹಸಿವನ್ನು ತೂಗಿದವಳು ನಾನು. ತಕ್ಕಡಿ ಸರಿಯಾಗಿತ್ತು.

ನಮ್ಮ ದ್ವೀಪದ ಸರ್ಕಾರಿ ಶಾಲೆಯಲ್ಲಿ ಬೆಳಗ್ಗೆ ಏಳೂವರೆಗೆ ಮಕ್ಕಳಿಗೆ ಉಚಿತ ತಿಂಡಿ ಕೊಡುತ್ತಾರೆ: ಬಿಳಿ ಬ್ರೆಡ್ಡು ನಾಲ್ಕು ತುಂಡು, ಜಾಮು, ಸಕ್ಕರೆ ಹಾಕಿದ ಚಹಾ. ಮಕ್ಕಳು ತಿಂದು, ಪ್ರಾರ್ಥನೆ ಮುಗಿಸಿ, ಎಂಟೂವರೆಗೆ ಪಾಠಕ್ಕೆ ಕೂರುತ್ತಾರೆ. ಹತ್ತಕ್ಕೆ ಅವರಿಗೆ ಮತ್ತೆ ಹಸಿವಾಗುತ್ತದೆ. ಇದು ಬಹಳ ವರ್ಷಗಳಿಂದ ನಡೆದುಬಂದಿದೆ. ಮಕ್ಕಳಲ್ಲಿ ಬೊಜ್ಜು ಬೆಳೆಯುತ್ತಿರುವುದೂ ಬಹಳ ವರ್ಷಗಳಿಂದ ನಡೆದುಬಂದಿದೆ. ಎರಡಕ್ಕೂ ಸಂಬಂಧವಿರಬಹುದೆಂದು ಯಾರಿಗೂ ತೋಚದೆ ಇದ್ದದ್ದೂ ಅಷ್ಟೇ ವರ್ಷಗಳಿಂದ.

ಮುಖ್ಯೋಪಾಧ್ಯಾಯರಾದ ಕೆಪುವೇಲಿ ಮೇಷ್ಟ್ರು ಇದಕ್ಕೊಂದು ಪರಿಹಾರ ಹುಡುಕಿದ್ದರು. ದಿನಾ ಹತ್ತು ಗಂಟೆಗೆ ತರಗತಿಗಳಿಗೆ ಹೋಗಿ, ದಪ್ಪಗಿರುವ ಒಬ್ಬೊಬ್ಬ ಮಗುವನ್ನೂ "ಹಸಿವಾ?" ಎಂದು ಕೇಳುವುದು. ಹೌದು ಎಂದವರ ಹೆಸರನ್ನು ಒಂದು ಪುಸ್ತಕದಲ್ಲಿ ಬರೆಯುವುದು. ಅದನ್ನು ಎಲ್ಲರೂ ಹತ್ತು ಗಂಟೆ ಪುಸ್ತಕ ಎನ್ನುತ್ತಿದ್ದರು. ನೂರು ಸಲ ಹೆಸರು ಬಿದ್ದ ಮಗುವನ್ನು ಶಾಲೆಯ ಬ್ಯಾಂಡಿನಿಂದ ತೆಗೆಯುವುದು. ಬ್ಯಾಂಡಿನ ಕೋಟುಗಳು ಮೂರು ಅಳತೆಯಲ್ಲಿ ಮಾತ್ರ ಇವೆ, ಕೋಟು ಬೆಳೆಯುವುದಿಲ್ಲ, ಆದ್ದರಿಂದ ಮಗು ನಿಲ್ಲಬೇಕು ಎಂಬುದು ಅವರ ವಾದ. ಪೋಷಕರ ಸಭೆ ಇದನ್ನು ಚಪ್ಪಾಳೆ ತಟ್ಟಿ ಒಪ್ಪಿತ್ತು.

ಬ್ಯಾಂಡಿನಲ್ಲಿ ಅತಿ ದೊಡ್ಡ ಕಹಳೆ ಊದುವವಳು ಲೂಪೆ. ಹನ್ನೊಂದು ವರ್ಷ. ಕಹಳೆಯನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡರೆ ಅವಳ ಮುಖ ಕಾಣುವುದಿಲ್ಲ, ಎರಡು ಕಿವಿ ಮಾತ್ರ ಕಾಣುತ್ತವೆ. ಊದುವುದರಲ್ಲಿ ಅವಳನ್ನು ಮೀರಿಸುವವರು ಶಾಲೆಯಲ್ಲಿಲ್ಲ ಎಂದು ಕೆಪುವೇಲಿ ಮೇಷ್ಟ್ರೇ ಹೇಳುತ್ತಾರೆ. ವರ್ಷದ ಕೊನೆಗೆ ಬ್ಯಾಂಡು ಹಡಗು ಹತ್ತಿ ರಾಜಧಾನಿಗೆ ಹೋಗಿ ಅರಮನೆಯ ಮುಂದೆ ನುಡಿಸುವುದಿತ್ತು. ಲೂಪೆ ಹಡಗು ಹತ್ತಿದವಳಲ್ಲ. ಭಾನುವಾರದ ಶಾಲೆಯಲ್ಲಿ ಸುಳ್ಳು ಹೇಳಬಾರದೆಂದು ಕಲಿಸಿದ್ದನ್ನು ಅವಳು ಕಲಿತುಬಿಟ್ಟಿದ್ದಳು. ಹೀಗಾಗಿ ಮೇಷ್ಟ್ರು ಕೇಳಿದಾಗಲೆಲ್ಲ ಹೌದು ಎನ್ನುವಳು. ಪುಸ್ತಕದಲ್ಲಿ ಅವಳ ಹೆಸರು ತೊಂಬತ್ತೊಂದು ಸಲ ಬಿದ್ದಿತ್ತು. ಅವಳಿಗೆ ಇನ್ನು ಒಂಬತ್ತು ಹಸಿವು ಉಳಿದಿತ್ತು.

ಈ ಹಂತದಲ್ಲಿ ಸಮುದ್ರದಾಚೆಯ ಒಂದು ವಿಶ್ವವಿದ್ಯಾಲಯದಿಂದ ನಲವತ್ತೆರಡು ಪುಟದ ಕಾರ್ಯವಿಧಾನ ಬಂತು. ವಿಷಯ ಸರಳ. ಬಿಳಿ ಬ್ರೆಡ್ಡಿನ ಪಿಷ್ಟ ಹೊಟ್ಟೆಯಲ್ಲಿ ಬೇಗ ಕರಗಿ ಬೇಗ ಹಸಿವು ತರುತ್ತದೆ. ಬೇಯಿಸಿ ಆರಿಸಿದ ಕೆಸುವಿನ ಗೆಡ್ಡೆ ಮತ್ತು ಬಾಳೆಕಾಯಿಯ ಪಿಷ್ಟ ನಿಧಾನವಾಗಿ ಕರಗುತ್ತದೆ. ಹಾಗಿದ್ದರೆ ದಪ್ಪಗಿರುವ ಮಕ್ಕಳಿಗೆ ಬೆಳಗ್ಗೆ ಬ್ರೆಡ್ಡಿನ ಬದಲು ಕೆಸು ಕೊಟ್ಟರೆ ಅವರ ಹಸಿವು ಕಡಿಮೆಯಾಗುತ್ತದೆಯೇ ಎಂದು ನೋಡಬೇಕು. ಇಪ್ಪತ್ತನಾಲ್ಕು ಮಕ್ಕಳು. ವಾರಕ್ಕೆ ಎರಡರಂತೆ ಎಂಟು ದಿನ. ಒಂದು ದಿನ ಕೆಸು, ಒಂದು ದಿನ ಬ್ರೆಡ್ಡು. ಮಧ್ಯಾಹ್ನ ಒಬ್ಬೊಬ್ಬ ಮಗುವಿನ ಮುಂದೆಯೂ ಒಂದು ಮೇಜು, ಬೇಕಾದಷ್ಟು ಊಟ. ಬಟ್ಟಲು ಖಾಲಿಯಾಗುವ ಮೊದಲೇ ತುಂಬಬೇಕು. ಇಟ್ಟದ್ದರಲ್ಲಿ ಉಳಿದದ್ದನ್ನು ಕಳೆದರೆ ಬರುವುದೇ ಮಗುವಿನ ಹಸಿವು. ಹತ್ತು ಗಂಟೆ ಪುಸ್ತಕವನ್ನು ಈ ಎಂಟು ದಿನ ಮಾತ್ರ ತೆರೆಯಬೇಕು, ಉಳಿದ ದಿನ ಮುಚ್ಚಿಡಬೇಕು.

ಇದಕ್ಕಾಗಿ ಉಪಾಹಾರ ಪಿಷ್ಟ ಪರಿಶೀಲನಾ ಸಮಿತಿ ರಚನೆಯಾಯಿತು. ಅಧ್ಯಕ್ಷರು ವಿಲಿಸೋನಿ, ಬಂದರು ಕಚೇರಿಯ ನಿವೃತ್ತ ಅಧಿಕಾರಿ, ಚರ್ಚಿನಲ್ಲಿ ಪ್ರವಚನ ಮಾಡುವವರು. ಶಾಲೆಗೆ ಬ್ರೆಡ್ಡು ಕೊಡುವ ಬೇಕರಿ ಅವರ ತಮ್ಮನದು. ಇದರಿಂದ ಬ್ರೆಡ್ಡಿನ ವಿಷಯದಲ್ಲಿ ಅವರಿಗೆ ವಿಶೇಷ ತಿಳಿವಳಿಕೆಯಿದೆ ಎಂದು ನೇಮಕದ ಆದೇಶದಲ್ಲಿ ನಮೂದಾಗಿತ್ತು. ಸದಸ್ಯರು ಕೆಪುವೇಲಿ ಮೇಷ್ಟ್ರು ಮತ್ತು ಆಸ್ಪತ್ರೆಯ ನರ್ಸ್ ಲೇಸಿಯೇಲಿ ಸಿಸ್ಟರ್. ತೂಕ ಮತ್ತು ನಮೂನೆಗಳು ನನ್ನ ಜವಾಬ್ದಾರಿ.

ಮೊದಲನೆಯ ದಿನ ಕೆಸು.

ಬೆಳಗ್ಗೆ ಮಕ್ಕಳು ತಟ್ಟೆ ನೋಡಿ ಮುಖ ಮುಖ ನೋಡಿಕೊಂಡರು. ಇದು ಅಜ್ಜಿಯ ಮನೆಯ ತಿಂಡಿ, ಶಾಲೆಯದಲ್ಲ. ಆದರೂ ತಿಂದರು. ಹತ್ತು ಗಂಟೆಗೆ ಕೆಪುವೇಲಿ ಮೇಷ್ಟ್ರು ಪುಸ್ತಕ ತೆರೆದು ಹೊರಟರು. ಆ ದಿನ ಒಂದೂ ಹೆಸರು ಬೀಳಲಿಲ್ಲ. ಪೆನ್ನಿನ ಮಸಿ ಒಣಗಿದೆಯೋ ಎಂದು ಅವರು ಎರಡು ಸಲ ಅಂಗೈ ಮೇಲೆ ಗೀಚಿ ನೋಡಿಕೊಂಡರು. ಹನ್ನೊಂದಕ್ಕೆ ಬ್ಯಾಂಡಿನ ಅಭ್ಯಾಸ. ಲೂಪೆ ಮೂರು ಕೀರ್ತನೆ, ಒಂದು ಕವಾಯತಿನ ಧಾಟಿಯನ್ನು ನಡುವೆ ಎಲ್ಲೂ ಕೂರದೆ ಊದಿದಳು. ಲೇಸಿಯೇಲಿ ಸಿಸ್ಟರ್ ಅವಳನ್ನು ಪಕ್ಕಕ್ಕೆ ಕರೆದು, ಹತ್ತು ಗಂಟೆಗೆ ಹೇಗಿತ್ತು ಎಂದು ಕೇಳಿದರು.

"ಹತ್ತು ಗಂಟೆ ಆಗೋಯ್ತಾ ಸಿಸ್ಟರ್?" ಎಂದಳು ಲೂಪೆ.

"ಈಗ ಹನ್ನೊಂದೂಮುಕ್ಕಾಲು."

ಅವಳು ಹೊಟ್ಟೆ ಮುಟ್ಟಿ ನೋಡಿಕೊಂಡಳು. "ಹೊಟ್ಟೆ ಇವತ್ತು ಮಾತೇ ಆಡಿಲ್ಲ," ಎಂದಳು.

ಸಿಸ್ಟರ್ ಇದನ್ನು ತಮ್ಮ ಚೀಟಿಯಲ್ಲಿ ಬರೆದುಕೊಂಡರು. ಇಡೀ ಪರಿಶೀಲನೆಯಲ್ಲಿ ಕೆಸು ತಿಂದ ಮಗುವಿನಿಂದ ದೊರೆತ ಒಂದೇ ಹೇಳಿಕೆ ಇದು.

ಹನ್ನೆರಡು ಗಂಟೆಗೆ ಶಾಲೆಯ ಸಭಾಂಗಣದಲ್ಲಿ ಇಪ್ಪತ್ತನಾಲ್ಕು ಮೇಜು ಸಿದ್ಧವಾದವು. ಕೋಳಿ, ಹೆಗ್ಗೆಣಸು, ತೆಂಗಿನ ಹಾಲಿನಲ್ಲಿ ಬೇಯಿಸಿದ ಕೆಸುವಿನೆಲೆ, ಮೀನು. ಲೂಪೆ ಕೂತು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿ ಕಣ್ಣು ತೆರೆದಾಗ ಎದುರಿಗೆ ಅವಳ ಸೋದರತ್ತೆ ಓಫೇನಾ ಕೂತಿದ್ದರು. ಮದುವೆಗೆ, ಸಾವಿಗೆ, ಸರ್ಕಾರಿ ಸಮಾರಂಭಕ್ಕೆ ಸುತ್ತಿಕೊಳ್ಳುವ ಒಳ್ಳೆಯ ಚಾಪೆಯನ್ನು ಸೊಂಟಕ್ಕೆ ಸುತ್ತಿಕೊಂಡಿದ್ದರು. ತೆಂಗಿನ ಗರಿಯ ಬುಟ್ಟಿಯೂ ಇತ್ತು.

ಅಣ್ಣತಮ್ಮಂದಿರ ಮಕ್ಕಳ ಮುಂದೆ ಊಟ ಬಡಿಸಿದರೆ ಮೊದಲ ಪಾಲು, ಒಳ್ಳೆಯ ಪಾಲು ಸೋದರತ್ತೆಯದು. ಉಳಿದದ್ದರಲ್ಲಿ ಅವರಿಗೆ ಬೇಕೆನಿಸಿದ್ದೂ ಅವರದೇ. ಇದು ನಮ್ಮಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ನಲವತ್ತೆರಡು ಪುಟದ ಕಾರ್ಯವಿಧಾನಕ್ಕೆ ಗೊತ್ತಿರಲಿಲ್ಲ. ಅದರ ಹದಿನೇಳನೆಯ ಪುಟದಲ್ಲಿ, ಮೇಜಿನ ಬಳಿ ಮಗುವಿನ ಹೊರತು ಯಾರೂ ಇರಕೂಡದು ಎಂದಿತ್ತು.

ಲೇಸಿಯೇಲಿ ಸಿಸ್ಟರ್ ಆ ಪುಟವನ್ನು ಅಧ್ಯಕ್ಷರಿಗೆ ತೋರಿಸಿದರು.

"ಅವರನ್ನ ಎದ್ದೇಳಿ ಅಂತ ಹೇಳ್ಬೇಕು ಅಧ್ಯಕ್ಷರೇ."

"ಹೇಳಿ."

"ನೀವು ಹೇಳ್ಬೇಕು."

"ನಾನು ಅಧ್ಯಕ್ಷ. ತಿಳಿಸೋದು ಕಾರ್ಯದರ್ಶಿ ಕೆಲಸ."

"ಕಾರ್ಯದರ್ಶಿ ಯಾರು?"

"ಇನ್ನೂ ನೇಮಕ ಆಗಿಲ್ಲ," ಎಂದರು ವಿಲಿಸೋನಿ, ಸಮಾಧಾನದಿಂದ.

ಓಫೇನಾ ಒಳ್ಳೆಯ ಹೆಂಗಸು. ಲೂಪೆ ಹುಟ್ಟಿದಾಗ ಅವಳಿಗೆ ಹೆಸರಿಟ್ಟವರು ಅವರು. ಕಹಳೆ ಕಲಿಯಲು ಮನೆಯವರು ಬೇಡವೆಂದಾಗ, ಅಣ್ಣನ ಮನೆಯ ಜಗುಲಿಯಲ್ಲಿ ಒಂದು ಇಡೀ ದಿನ ಮಾತಿಲ್ಲದೆ ಕೂತು ಒಪ್ಪಿಸಿದವರೂ ಅವರೇ. ಅವರು ಊಟ ಮಾಡಿದರು. ಬುಟ್ಟಿ ತುಂಬಿಕೊಂಡರು. ಬಟ್ಟಲು ಖಾಲಿಯಾಗುವ ಮೊದಲೇ ತುಂಬಬೇಕೆಂಬ ನಿಯಮವಿದ್ದುದರಿಂದ ನಾವು ತುಂಬುತ್ತಾ ಹೋದೆವು. ಅವರು ಇದನ್ನು ಸಮಿತಿಯ ಸೌಜನ್ಯವೆಂದು ತಿಳಿದು ಎರಡನೆಯ ಬುಟ್ಟಿ ತರಿಸಿದರು.

ಊಟದ ಕೊನೆಗೆ ನಮೂನೆ ನಾಲ್ಕು. ಅದರಲ್ಲಿ ಹತ್ತು ಸೆಂಟಿಮೀಟರಿನ ಒಂದು ಗೀಟು. ಎಡಕ್ಕೆ 'ಹಸಿವೇ ಇಲ್ಲ', ಬಲಕ್ಕೆ 'ತಡೆಯಲಾರದ ಹಸಿವು'. ಬೆಳಗ್ಗೆಯಿಂದ ಹಸಿವು ಎಷ್ಟಿತ್ತು ಎಂಬುದನ್ನು ಮಗು ಗೀಟಿನ ಮೇಲೆ ಗುರುತು ಹಾಕಿ ತೋರಿಸಬೇಕು. ಲೂಪೆ ಪೆನ್ನನ್ನು ಎಡತುದಿಯ ಹತ್ತಿರ ತಂದಳು. ಓಫೇನಾ ಅವಳ ಕೈಯಿಂದ ಪೆನ್ನು ತೆಗೆದುಕೊಂಡರು. ಮಗುವೇ ಗುರುತು ಹಾಕಬೇಕೆಂದು ನಾನು ತಿಳಿಸಿದೆ.

"ಏನಮ್ಮಾ ತಕ್ಕಡಿ," ಎಂದರು ಅವರು. "ನಮ್ಮಣ್ಣನ ಮಗಳ ಹಸಿವು ನನಗೆ ಗೊತ್ತಿಲ್ದೆ ನಿನ್ನ ಈ ಗೀಟಿಗೆ ಗೊತ್ತಾ?"

ಅವರು ಬಲತುದಿಗೆ ಸಮೀಪ ಗುರುತು ಹಾಕಿದರು. ಅವರಿಗೆ ಆ ಬೆಳಗ್ಗೆ ತಿಂಡಿ ಆಗಿರಲಿಲ್ಲ.

ನಾನು ತೂಗಿದೆ. ಲೂಪೆಯ ಮೇಜಿನಿಂದ ಹೋದದ್ದು ನಾಲ್ಕು ಕಿಲೋ ನೂರ ಅರವತ್ತು ಗ್ರಾಂ. ಲೂಪೆಯ ಬಾಯಿಗೆ ಹೋದದ್ದು ಮುನ್ನೂರ ಹತ್ತು. ಈ ಎರಡನೆಯ ಅಂಕಿಯನ್ನು ನಾನು ನಮೂನೆಯ ಅಂಚಿನಲ್ಲಿ ಬರೆದೆ. ಅಂಚು ಎನ್ನುವುದು ಕಾಲಮ್ಮಿನೊಳಗೆ ಬರುವುದಿಲ್ಲವೆಂದು ಅಧ್ಯಕ್ಷರು ಅದನ್ನು ಹೊಡೆದುಹಾಕಿಸಿ, ಪಕ್ಕದಲ್ಲಿ ಸಹಿ ಮಾಡಿದರು. ಸಹಿ ಬಿದ್ದ ಮೊದಲ ನಮೂನೆ ಅದೇ ಆದ್ದರಿಂದ ಮುಂದೆ ಅದನ್ನೇ ದ್ವೀಪದ ಮಾದರಿ ಎಂದು ಸ್ವೀಕರಿಸಲಾಯಿತು.

ಎರಡನೆಯ ದಿನ ಬ್ರೆಡ್ಡು. ಹತ್ತು ಗಂಟೆಗೆ ಲೂಪೆಯ ಹೆಸರು ತೊಂಬತ್ತೆರಡನೆಯ ಸಲ ಬಿತ್ತು. ಮಧ್ಯಾಹ್ನ ಹತ್ತೊಂಬತ್ತು ಸೋದರತ್ತೆಯರು ಬಂದರು. ಬಾರದೆ ಉಳಿದ ಐದು ಮೇಜಿನ ಮಕ್ಕಳ ತಂದೆಯರಿಗೆ ಅಕ್ಕತಂಗಿಯರಿರಲಿಲ್ಲ. ಆ ಮಕ್ಕಳ ಹಸಿವು ತೀರಾ ಕಡಿಮೆ, ಕಾಲು ಕಿಲೋ, ಮುನ್ನೂರು ಗ್ರಾಂ ಬಂತು. ಈ ಅಂಕಿಗಳು ಉಳಿದವುಗಳಿಗೆ ಹೊಂದುವುದಿಲ್ಲವೆಂದು ಅಧ್ಯಕ್ಷರು ಕಳವಳಪಟ್ಟರು.

ಲೇಸಿಯೇಲಿ ಸಿಸ್ಟರ್ ವಿಶ್ವವಿದ್ಯಾಲಯಕ್ಕೆ ಬರೆದರು. ಮರುದಿನವೇ ಉತ್ತರ ಬಂತು: ದಯವಿಟ್ಟು ಅತ್ತೆಯರನ್ನು ಹೊರಗಿಡಿ. ಸಮಿತಿ ಈ ಪತ್ರದ ಮೇಲೆ ಎರಡು ಗಂಟೆ ಚರ್ಚಿಸಿತು. ಪತ್ರ ಬರೆದವರಿಗೆ ಸೋದರತ್ತೆ ಇಲ್ಲವೆಂದೂ, ಇದ್ದಿದ್ದರೆ ತೀರಿಹೋಗಿರಬೇಕೆಂದೂ ತೀರ್ಮಾನಿಸಿ, ಒಂದು ನಿಮಿಷ ಎದ್ದುನಿಂತು ಸಂತಾಪ ಸೂಚಿಸಿತು. ಬಳಿಕ ಕೆಳಗಿನ ತಿದ್ದುಪಡಿಗಳನ್ನು ಅಂಗೀಕರಿಸಿತು.

ನಿಯಮ ಒಂದು: ಈ ಪರಿಶೀಲನೆಯಲ್ಲಿ 'ಮಗು' ಎಂದರೆ ಮಗು ಮತ್ತು ಅದರ ಸೋದರತ್ತೆ.

ನಿಯಮ ಎರಡು: ಸೋದರತ್ತೆ ಇಲ್ಲದ ಮಗುವಿಗೆ ಸಮಿತಿಯು ತಾತ್ಕಾಲಿಕ ಸೋದರತ್ತೆಯನ್ನು ಒದಗಿಸತಕ್ಕದ್ದು.

ನಿಯಮ ಮೂರು: ಮಗುವಿನ ಎರಡು ಭಾಗಗಳ ಹೇಳಿಕೆಗಳಲ್ಲಿ ವ್ಯತ್ಯಾಸ ಕಂಡುಬಂದಲ್ಲಿ, ಹಿರಿಯ ಭಾಗದ ಹೇಳಿಕೆಯೇ ಮಗುವಿನ ಹೇಳಿಕೆ.

ನಾನು ವಿಜ್ಞಾನ ಓದಿದವಳು. ಇಲ್ಲಿ ಒಂದು ಲೋಪ ಕಂಡಿತು. ಮಧ್ಯಾಹ್ನ ಊಟ ಮಾಡುವುದು ಇಡೀ ಮಗು. ಆದರೆ ಬೆಳಗ್ಗೆ ಕೆಸು ತಿನ್ನುತ್ತಿರುವುದು ಅದರ ಒಂದು ಭಾಗ ಮಾತ್ರ. ಹಾಗಾದರೆ ಕೆಸುವಿನ ಪರಿಣಾಮ ಹೇಗೆ ತಿಳಿಯಬೇಕು? ಸೋದರತ್ತೆಯರಿಗೂ ಅದೇ ತಿಂಡಿ ಕೊಡಬೇಕೆಂದು ಸೂಚಿಸಿದೆ. ಸೂಚನೆ ಒಮ್ಮತದಿಂದ ಅಂಗೀಕಾರವಾಯಿತು, ನಡಾವಳಿಯಲ್ಲಿ ನನ್ನ ಕೆಲಸವನ್ನು ಶ್ಲಾಘಿಸಲಾಯಿತು.

ಮೂರನೆಯ ದಿನ ಬೆಳಗ್ಗೆ ಏಳೂವರೆಗೆ ಇಪ್ಪತ್ತನಾಲ್ಕು ಮಕ್ಕಳು, ಇಪ್ಪತ್ತನಾಲ್ಕು ಸೋದರತ್ತೆಯರು ಬಂದು ಕೂತರು. ಕೆಸು ಇದ್ದದ್ದು ಇಪ್ಪತ್ತನಾಲ್ಕು ಪಾಲು. ಹೆಚ್ಚು ತರಿಸುವ ಬೇಡಿಕೆ ಪತ್ರಕ್ಕೆ ಮೂರು ಸಹಿ ಬೇಕು. ಮೂರನೆಯ ಸಹಿಯ ಅಧಿಕಾರಿ ಮಗಳ ಬಾಣಂತನಕ್ಕೆ ಹೆಂಡತಿಯನ್ನು ಬಿಟ್ಟುಬರಲು ಆಕ್ಲೆಂಡಿಗೆ ಹೋದವರು ಇನ್ನೂ ಬಂದಿರಲಿಲ್ಲ. ಮೊದಲ ಪಾಲು ಯಾರಿಗೆ ಎನ್ನುವ ಪ್ರಶ್ನೆ ಏಳಲಿಲ್ಲ. ಅತ್ತೆಯರು ಕೆಸು ತಿಂದರು. ಮಕ್ಕಳಿಗೆ ಬೇಕರಿಯಿಂದ ಬ್ರೆಡ್ಡು ಬಂತು. ಬ್ರೆಡ್ಡಿಗೆ ಸಹಿ ಬೇಕಿರಲಿಲ್ಲ.

ನಮೂನೆ ಎರಡರಲ್ಲಿ ಒಂದು ಪ್ರಶ್ನೆಯಿದೆ: ಮಗು ಕೆಸು ತಿಂದಿತೇ? ನಿಯಮ ಒಂದನ್ನು ಇನ್ನೊಮ್ಮೆ ಓದಿಕೊಂಡು 'ಹೌದು' ಎಂದು ಬರೆದೆ.

ಓಫೇನಾ ಲೂಪೆಯ ತಟ್ಟೆಯನ್ನೇ ನೋಡುತ್ತಿದ್ದರು. ಆಮೇಲೆ ಒಂದು ತುಂಡು ಕೆಸುವನ್ನು ಅಂಗೈಯಲ್ಲಿ ಮುಚ್ಚಿ ಮೇಜಿನ ಕೆಳಗಿನಿಂದ ಅವಳಿಗೆ ದಾಟಿಸಲು ಹೋದರು. ನಾನು ತಡೆಯಬೇಕಾಯಿತು. ಒಂದೇ ಮಗು ತನ್ನ ತಿಂಡಿಯನ್ನು ತನಗೇ ಕೊಟ್ಟುಕೊಂಡರೆ ಅದನ್ನು ಎಲ್ಲಿ ಬರೆಯುವುದು? ಲೆಕ್ಕ ಎರಡು ಸಲ ಬರುತ್ತದೆ. ಇದನ್ನು ಅವರಿಗೆ ವಿವರಿಸಿದೆ. ಓಫೇನಾ ನಿಯಮಕ್ಕೆ ಬೆಲೆ ಕೊಡುವವರು. ಕೈ ಹಿಂದಕ್ಕೆ ತೆಗೆದುಕೊಂಡು ತಾವೇ ತಿಂದರು.

"ಬೇಜಾರು ಮಾಡ್ಕೋಬೇಡ ಕಂದ," ಎಂದರು ಲೂಪೆಗೆ. "ನಿನಗೋಸ್ಕರ ಅಂತಲೇ ಎರಡು ತುಂಡು ಜಾಸ್ತಿ ತಿಂದಿದೀನಿ."

"ಆಯ್ತು ಅತ್ತೆ," ಎಂದಳು ಲೂಪೆ.

ಹತ್ತು ಗಂಟೆಗೆ ಅವಳ ಹೆಸರು ತೊಂಬತ್ತಮೂರನೆಯ ಸಲ ಬಿತ್ತು.

ಹೀಗೆ ಎಂಟು ದಿನ ಮುಗಿದವು. ಮಕ್ಕಳು ಒಂದು ದಿನ ಬ್ರೆಡ್ಡು ತಿಂದರು, ಇನ್ನೊಂದು ದಿನವೂ ಬ್ರೆಡ್ಡು ತಿಂದರು. ಲೂಪೆಯ ಹೆಸರು ತೊಂಬತ್ತೆಂಟಕ್ಕೆ ನಿಂತಿತು. ಅವಳು ಕಹಳೆಯನ್ನು ದಿನಾ ಎರಡು ಸಲ ಒರೆಸಿಡಲು ಶುರುಮಾಡಿದ್ದಳು.

ಫಲಿತಾಂಶ ಮಾತ್ರ ನಾನು ಪಠ್ಯಪುಸ್ತಕದಲ್ಲೂ ಕಂಡಿಲ್ಲದಷ್ಟು ಸ್ಪಷ್ಟವಾಗಿತ್ತು. ಕೆಸುವಿನ ದಿನ ಮಧ್ಯಾಹ್ನದ ಊಟ ಮೂರರಲ್ಲಿ ಒಂದು ಪಾಲು ಕಡಿಮೆ. ಗೀಟಿನ ಮೇಲಿನ ಗುರುತು ಎಪ್ಪತ್ತೆಂಟು ಮಿಲಿಮೀಟರಿನಿಂದ ಮೂವತ್ತೊಂದಕ್ಕೆ ಇಳಿದಿತ್ತು. ಸೋದರತ್ತೆಯರು ತಾವಾಗಿಯೇ ಎರಡನೆಯ ಬುಟ್ಟಿ ತರುವುದನ್ನು ಬಿಟ್ಟಿದ್ದರು. ನಿಧಾನವಾಗಿ ಕರಗುವ ಪಿಷ್ಟ ದಪ್ಪಗಿರುವ ಮಗುವಿನ ಹಸಿವನ್ನು ತಗ್ಗಿಸುತ್ತದೆ ಎಂಬುದು ನಿಸ್ಸಂಶಯವಾಗಿ ಸಾಬೀತಾಯಿತು. ವಿಶ್ವವಿದ್ಯಾಲಯ ಅಭಿನಂದನೆ ಕಳಿಸಿತು. ನಿಯಮ ಒಂದನ್ನು ನಾವು ಅಡಿಟಿಪ್ಪಣಿಯಲ್ಲಿ, ನಮ್ಮ ಭಾಷೆಯಲ್ಲೇ ಕೊಟ್ಟಿದ್ದೆವು.

ಕೊನೆಯ ಸಭೆಗೆ ಲೇಸಿಯೇಲಿ ಸಿಸ್ಟರ್ ತಮ್ಮ ಚೀಟಿಯೊಂದಿಗೆ ಬಂದರು. ಶಾಲೆಯ ತಿಂಡಿಯಲ್ಲಿ ಬ್ರೆಡ್ಡು ನಿಲ್ಲಿಸಿ ಕೆಸು ಕೊಡಬೇಕೇ ಎಂಬುದು ಆ ದಿನದ ವಿಷಯ. ಬ್ರೆಡ್ಡಿನ ಮಾತು ಬಂದಾಗ ಅಧ್ಯಕ್ಷರು ಸಂಬಂಧಿಕರ ವ್ಯವಹಾರದ ನಿಯಮದಂತೆ ಕೊಠಡಿಯಿಂದ ಹೊರಗೆ ಹೋದರು. ಹೊರಗೆ ಹೋಗಿ ಕಿಟಕಿಯ ಬಳಿ ನಿಂತು ಸಭೆ ಮುಂದುವರಿಸಿದರು.

"ಒಂದೇ ವಾರ ಮಕ್ಕಳಿಗೆ ಕೆಸು ಕೊಟ್ಟು ನೋಡೋಣ," ಎಂದರು ಸಿಸ್ಟರ್, ಕಿಟಕಿಯ ಕಡೆ ತಿರುಗಿ.

"ಈಗಿರೋ ಫಲಿತಾಂಶಕ್ಕೆ ಏನಾಗಿದೆ ಸಿಸ್ಟರ್?"

"ಅದು ಅತ್ತೆಯರ ಫಲಿತಾಂಶ."

"ನಿಯಮ ಒಂದು ಓದಿ."

"ಓದಿದೀನಿ. ಆ ಹುಡುಗಿ ಮೊದಲ ದಿನ ಕೆಸು ತಿಂದಿದ್ಲು. ಆ ದಿನ ಹತ್ತು ಗಂಟೆಗೆ ಹಸಿವಾಗಲಿಲ್ಲ. ಅವಳೇ ಹೇಳಿದಾಳೆ."

"ಮಗುವಿನ ಯಾವ ಭಾಗ ಹೇಳ್ತು?" ಎಂದರು ವಿಲಿಸೋನಿ.

ಸಿಸ್ಟರ್ ಚೀಟಿಯನ್ನು ಮೇಜಿನ ಮೇಲಿಟ್ಟರು. ಅವರ ಚೀಟಿಯನ್ನು ವರದಿಗೆ ಭಿನ್ನಾಭಿಪ್ರಾಯವೆಂದು ಲಗತ್ತಿಸಲಾಯಿತು. ಮುದ್ರಣದಲ್ಲಿ ಕಾಗದ ಸಾಲದೆ ಬಂದು ಲಗತ್ತುಗಳನ್ನು ಬಿಡಲಾಯಿತು. ಮುಂದಿನ ತಿಂಗಳು ಶಾಲೆಯ ಬಾಗಿಲಿಗೆ ಈ ಪ್ರಕಟಣೆ ಅಂಟಿಸಿದರು:

"ಸಾರ್ವಜನಿಕರ ಗಮನಕ್ಕೆ. ಕೆಸುವಿನ ತಿಂಡಿಯಿಂದ ಮಕ್ಕಳ ಹಸಿವು ತಗ್ಗುವುದು ವೈಜ್ಞಾನಿಕವಾಗಿ ದೃಢಪಟ್ಟಿರುವುದರಿಂದ, ಸೋದರತ್ತೆಯರಿಗೆ ಪ್ರತಿ ಶಾಲಾ ದಿನ ಬೆಳಗ್ಗೆ ಕೆಸು ಮತ್ತು ಬಾಳೆಕಾಯಿಯ ಉಚಿತ ತಿಂಡಿ ಒದಗಿಸಲಾಗುವುದು. ಕಿರಿಯ ಭಾಗದಲ್ಲಿ ಯಾವುದೇ ಪರಿಣಾಮ ಕಂಡುಬಂದಿಲ್ಲವಾದ್ದರಿಂದ ಅವರಿಗೆ ಬ್ರೆಡ್ಡು ಮುಂದುವರಿಯುವುದು. ಹತ್ತು ಗಂಟೆಯ ಹಸಿವನ್ನು ಈ ದಿನದಿಂದ ರದ್ದುಪಡಿಸಲಾಗಿದೆ. ಹತ್ತು ಗಂಟೆ ಪುಸ್ತಕವನ್ನು ಮುಚ್ಚಲಾಗಿದೆ."

ಲೂಪೆ ಕೊನೆಯ ವಾಕ್ಯವನ್ನು ಬೆರಳಿಟ್ಟು ಎರಡು ಸಲ ಓದಿದಳು. ತೊಂಬತ್ತೆಂಟಕ್ಕೇ ಪುಸ್ತಕ ಮುಚ್ಚಿತ್ತು. ಅವಳು ಬ್ಯಾಂಡಿನಲ್ಲಿ ಉಳಿದಂತಾಯಿತು. ಆ ಸಂಜೆ ಸಮುದ್ರದ ದಂಡೆಯಲ್ಲಿ ಕೂತು ಕತ್ತಲಾಗುವವರೆಗೂ ಊದಿದಳಂತೆ. ಹಂದಿಗಳು ಸಹ ಹತ್ತಿರ ಬಂದು ನಿಂತಿದ್ದವೆಂದು ಓಫೇನಾ ಎಲ್ಲರಿಗೂ ಹೇಳಿಕೊಂಡು ಬಂದರು.

ಆದರೆ ಮೇಷ್ಟ್ರು ಮಕ್ಕಳನ್ನು ಹತ್ತು ಗಂಟೆಗೆ ಕೇಳುವುದನ್ನು ನಿಲ್ಲಿಸಬೇಕೆಂದು ಪ್ರಕಟಣೆಯಲ್ಲಿ ಎಲ್ಲೂ ಹೇಳಿರಲಿಲ್ಲ. ಸೋಮವಾರ ಅವರು ಎಂದಿನಂತೆ "ಹಸಿವಾ?" ಎಂದರು. ಲೂಪೆ ಎಂದಿನಂತೆ "ಹೌದು ಸಾರ್" ಎಂದಳು. ಮೇಷ್ಟ್ರು ಪೇಚಿಗೆ ಸಿಕ್ಕಿಕೊಂಡರು. ಅವಳ ಅತ್ತೆ ಬೆಳಗ್ಗೆ ಕೆಸು ತಿಂದಿದ್ದನ್ನು ಅವರೇ ಕಂಡಿದ್ದರು. ಕೆಸು ತಿಂದ ಮಗುವಿಗೆ ಹತ್ತು ಗಂಟೆಗೆ ಹಸಿವಾಗುವುದಿಲ್ಲವೆಂದು ವಿಜ್ಞಾನ ಹೇಳಿದೆ. ಹಾಗಿದ್ದೂ ಮಗು ಹಸಿವು ಎನ್ನುತ್ತಿದೆ. ಅಂದರೆ ಮಗು ಸುಳ್ಳು ಹೇಳುತ್ತಿದೆ. ಸುಳ್ಳಿಗೆ ಬೇರೆ ಪುಸ್ತಕವಿತ್ತು. ಅದರ ಮಿತಿ ನೂರಲ್ಲ, ಮೂರು.

ಬುಧವಾರ ಕಹಳೆ ಬೀರುವಿಗೆ ಹೋಯಿತು.

ಗುರುವಾರ ಓಫೇನಾ ಬಂದರು. ಒಳ್ಳೆಯ ಚಾಪೆ ಸುತ್ತಿಕೊಂಡಿದ್ದರು, ಬುಟ್ಟಿ ಇರಲಿಲ್ಲ. ತೂಕದ ನಮೂನೆಗಳನ್ನು ಒಪ್ಪಿಸಲು ನಾನೂ ಅದೇ ಕೊಠಡಿಯಲ್ಲಿದ್ದೆ. ಕೆಪುವೇಲಿ ಮೇಷ್ಟ್ರು ಎದ್ದುನಿಂತು ಕುರ್ಚಿ ಕೊಟ್ಟರು. ಅವರು ಕೂರಲಿಲ್ಲ.

"ನಮ್ಮಣ್ಣನ ಮಗಳು ಸುಳ್ಳು ಹೇಳೋಳಲ್ಲ," ಎಂದರು. "ಕಹಳೆ ಕೊಡಿ."

"ಕೊಡೋಣಮ್ಮ. ಒಂದೇ ಒಂದು ಮಾತು ಕೇಳ್ತೀನಿ. ನೀವು ಹೇಳಿದ್ದನ್ನ ನಾನು ಹಾಗೇ ಬರ್ಕೋತೀನಿ. ಈ ಮೂರು ದಿನ ಹತ್ತು ಗಂಟೆಗೆ ನಿಮಗೆ ಹಸಿವಾಗಿತ್ತಾ?"

ಹೌದು ಎಂದರೆ ಸಾಕಿತ್ತು. ನಿಯಮ ಮೂರರಂತೆ ಅದೇ ಲೂಪೆಯ ಹೇಳಿಕೆಯಾಗಿ, ಅವಳ ಮೂರು ಸುಳ್ಳೂ ನಿಜವಾಗುತ್ತಿದ್ದವು. ಓಫೇನಾಗೂ ಅದು ಗೊತ್ತಿತ್ತು. ಅವರು ಬಾಯಿ ತೆರೆದು ಮುಚ್ಚಿದ್ದನ್ನು ನಾನು ಕಂಡೆ. ಆದರೆ ಅವರೂ ಭಾನುವಾರದ ಶಾಲೆಯಲ್ಲೇ ಕಲಿತವರು. ನಲವತ್ತು ವರ್ಷದಿಂದ ಅಲ್ಲಿ ಕಲಿಸುತ್ತಿರುವವರೂ ಅವರೇ.

"ಇಲ್ಲ," ಎಂದರು. "ಕೆಸು ತಿಂದಿದ್ದೆ."

ಮೇಷ್ಟ್ರು ಬರೆದುಕೊಂಡರು. ಪ್ರಕರಣ ಮುಗಿಯಿತು.

ಯೋಜನೆ ಈಗ ಚೆನ್ನಾಗಿ ನಡೆಯುತ್ತಿದೆ. ಒಂದು ಅವಧಿಯ ಕೊನೆಗೆ ಇಪ್ಪತ್ತನಾಲ್ಕು ಮಕ್ಕಳ ತೂಕವನ್ನು ನಿಯಮ ಒಂದರ ಪ್ರಕಾರ ತೆಗೆದಾಗ ಸರಾಸರಿ ಆರು ಕಿಲೋ ಇಳಿದಿತ್ತು. ಕಿರಿಯ ಭಾಗ ಎರಡು ಕಿಲೋ ಏರಿ, ಹಿರಿಯ ಭಾಗ ಎಂಟು ಕಿಲೋ ಇಳಿದಿದ್ದರಿಂದ ಹೀಗೆ ಬಂತು. ಅತ್ತೆಯರ ಮಂಡಿನೋವು ಹೋಗಿದೆ. ಅಕ್ಕಪಕ್ಕದ ದ್ವೀಪಗಳಿಂದ ನೋಡಲು ಬರುತ್ತಾರೆ. ರಾಜಧಾನಿಯಿಂದ ಮಂತ್ರಿಗಳು ಬಂದು ಅತ್ಯಂತ ಆರೋಗ್ಯವಂತ ಮಗುವಿಗೆ ಬಹುಮಾನ ಕೊಟ್ಟರು. ಐವತ್ತೆಂಟು ವರ್ಷದ ಆ ಮಗು ಅದನ್ನು ವಿನಯದಿಂದ ಸ್ವೀಕರಿಸಿತು. ಬ್ಯಾಂಡು ನುಡಿಸಿತು. ದೊಡ್ಡ ಕಹಳೆ ಇಲ್ಲದಿದ್ದರೂ ಯಾರಿಗೂ ಗೊತ್ತಾಗಲಿಲ್ಲವೆಂದು ಮೇಷ್ಟ್ರು ಹೇಳಿದರು.

ಲೇಸಿಯೇಲಿ ಸಿಸ್ಟರ್ ಕೂಡ ಈಗ ಆಕ್ಷೇಪಿಸುವುದಿಲ್ಲ. ಅವರಿಗೆ ಮೂವರು ಅಣ್ಣಂದಿರು, ಶಾಲೆಯಲ್ಲಿ ಐವರು ಮಕ್ಕಳು. ಕೆಸು ಐದು ಪಾಲು ಬರುತ್ತದೆ.

ಕಳೆದ ವಾರ ಲೂಪೆ ಬ್ಯಾಂಡಿನ ಕೋಟು ಹಿಂದಿರುಗಿಸಲು ಕಚೇರಿಗೆ ಬಂದಳು. ಓಫೇನಾ ಹೊರಗೆ ಜಗುಲಿಯಲ್ಲಿ ಕೂತಿದ್ದರು. ಕೋಟನ್ನು ಒಗೆದು ಮಡಿಸಿ ತಂದಿದ್ದಳು. ರಸೀದಿ ಬರೆದುಕೊಟ್ಟೆ. ಅವಳು ಹೋಗಲಿಲ್ಲ.

"ಅಕ್ಕಾ, ಸೋದರತ್ತೆ ಆಗಬೇಕಾದ್ರೆ ಏನು ಬೇಕು?"

ಅಣ್ಣನೋ ತಮ್ಮನೋ ಇರಬೇಕು, ಅವನಿಗೆ ಮಕ್ಕಳಾಗಬೇಕು, ಆ ಮಕ್ಕಳು ಶಾಲೆಗೆ ಸೇರಬೇಕು ಎಂದೆ. ತನಗೊಬ್ಬ ತಮ್ಮನಿದ್ದಾನೆ, ನಾಲ್ಕು ವರ್ಷ, ಎಂದಳು. ಬೆರಳಲ್ಲಿ ಎಣಿಸಿದಳು, ಎರಡೂ ಕೈಯ ಬೆರಳು ಎರಡು ಸುತ್ತು ತೀರಿ ಮೂರನೆಯ ಸುತ್ತು ಬಂತು. ಇಪ್ಪತ್ತೈದು ವರ್ಷ ಆಗಬಹುದಾ ಎಂದು ಕೇಳಿದಳು. ಅವನು ಬೇಗ ಮದುವೆಯಾದರೆ ಇಪ್ಪತ್ತಮೂರರಲ್ಲೇ ಆಗಬಹುದು ಎಂದು ಹೇಳಿದೆ. ತಲೆಯಾಡಿಸಿದಳು. ಇದಕ್ಕೂ ಒಂದು ಕಾಯುವ ಪಟ್ಟಿ ಮಾಡಿದ್ದೇವೆ. ಅವಳಿಗಿಂತ ಮುಂದೆ ಹದಿನೇಳು ಹುಡುಗಿಯರಿದ್ದರು. ಹದಿನೆಂಟನೆಯದಾಗಿ ಅವಳ ಹೆಸರು ಬರೆದುಕೊಂಡೆ.

ಪಟ್ಟಿಯ ಕೊನೆಯ ಕಾಲಮ್ಮಿನಲ್ಲಿ, ಅರ್ಜಿದಾರರಿಗೆ ಈಗ ಹಸಿವಿದೆಯೇ ಎಂಬ ಪ್ರಶ್ನೆಯಿದೆ. ಗಂಟೆ ಹತ್ತೂಕಾಲು. ಓದಿ ಹೇಳಿದೆ.

ಲೂಪೆ ಬಾಗಿಲಿನ ಆಚೆ ಜಗುಲಿಯ ಕಡೆ ನೋಡಿದಳು. ಓಫೇನಾ ಗೋಡೆಗೆ ಒರಗಿ, ಕಣ್ಣು ಅರೆಮುಚ್ಚಿ, ಕೈಯಲ್ಲಿ ಬೀಸಣಿಗೆ ಹಿಡಿದು ನೆಮ್ಮದಿಯಾಗಿ ಕೂತಿದ್ದರು.

"ಇಲ್ಲ," ಎಂದಳು ಲೂಪೆ.

ಉತ್ತರ ನಿಯಮಕ್ಕೆ ಸರಿಯಾಗಿತ್ತು. ಬರೆದುಕೊಂಡು ಮೊಹರು ಒತ್ತಿದೆ.